ಡಿಮೆನ್ಶಿಯಾ ಇರೋರಿಗೆ ಅಂತ ಸಿನಿಮಾ ಶೋ ಮುಂಬೈಲಿ ಎಲ್ಲಾದ್ರೂ ಇದ್ಯಾ?

ಡೊಂಬಿವಲಿ ಸೊಸೆ:
ನಮ್ಮತ್ತೆಗೆ ಡಿಮೆನ್ಶಿಯಾ, ಅದೇ ಮರೆವಿನ ಕಾಯಿಲೆ. ಕುಂದಾಪುರದವ್ರು, ಮದ್ವೆ ಆದಾಗಿಂದ ಇಲ್ಲೇ. ರಾಜ್‌ಕುಮಾರ್ ಹಾಡು ಬಂದ್ರೆ ಒಂದು ಸಾಲೂ ಬಿಡದೆ ಹೇಳ್ತಾರೆ, ನನ್ ಹೆಸ್ರು ಮಾತ್ರ ನೆನಪಾಗಲ್ಲ. ಹೋದ ತಿಂಗ್ಳು ಮಲ್ಟಿಪ್ಲೆಕ್ಸ್‌ಗೆ ಕರ್ಕೊಂಡು ಹೋದ್ವಿ, ಲೈಟ್ ಆರಿದ್ದೇ ತಡ ನನ್ ಕೈ ಗಟ್ಟಿಯಾಗಿ ಹಿಡ್ಕೊಂಡ್ರು, ಟ್ರೇಲರ್ ಸೌಂಡ್‌ಗೆ ಕಿವಿ ಮುಚ್ಕೊಂಡು "ಮನಿಗ್ ಹ್ವಾಪ" ಅಂತ ಎದ್ದೇಬಿಟ್ರು, ಹಿಂದಿನ ಸೀಟ್ನೋರು ಶ್ ಶ್ ಅಂತಿದ್ರು. ಫಾರಿನ್ನಲ್ಲಿ ಇಂಥವ್ರಿಗೇ ಬೇರೆ ಶೋ ಮಾಡ್ತಾರಂತೆ, ಹೌದಾ?

ಕೊತ್ರೂಡ್ ಮಗ:
ಹೌದು, ಇಂಗ್ಲೆಂಡಲ್ಲಿ ಮಾಡ್ತಾರೆ, ಅಲ್ಲಿ ಡಿಮೆನ್ಶಿಯಾ ಇರೋರಿಗಾಗಿ ಕೆಲ್ಸ ಮಾಡೋ ಆಲ್ಝೈಮರ್ಸ್ ಸೊಸೈಟಿ ಥಿಯೇಟರ್‌ನೋರಿಗೇ ಅಂತ ಗೈಡ್ ಕೊಟ್ಟಿದೆ. ಲೈಟ್ ಪೂರ್ತಿ ಆರ್ಸಲ್ಲ, ಸೌಂಡ್ ಕಮ್ಮಿ, ಜಾಹೀರಾತು ಇಲ್ಲ, ಮಧ್ಯೆ ಎದ್ದು ಓಡಾಡಿದ್ರೂ ಹಾಡಿದ್ರೂ ಯಾರೂ ಏನೂ ಅನ್ನಲ್ಲ. ಶೋ ಹಗಲಲ್ಲೇ, ಯಾಕಂದ್ರೆ ಸಂಜೆ ಆಗ್ತಿದ್ದಂಗೆ ತುಂಬಾ ಜನಕ್ಕೆ ಚಡಪಡಿಕೆ ಶುರುವಾಗತ್ತೆ. ಇನ್ನೊಂದು, ಕಪ್ಪು ಮ್ಯಾಟ್ ಇದ್ರೆ ತೆಗೆಸಿ, ಅವ್ರ ಕಣ್ಣಿಗೆ ಗುಂಡಿ ಥರ ಕಾಣ್ಬಹುದು. ನಮ್ಮಪ್ಪ ಲಿಫ್ಟ್ ಮುಂದಿನ ಮ್ಯಾಟ್ ಹತ್ರ ಬಂದ್ರೆ ಕಾಲೇ ಮುಂದಿಡ್ತಿರ್ಲಿಲ್ಲ, ಅದನ್ನ ಎತ್ತಿಸಿದ್ಮೇಲೆ ಸಲೀಸಾಗಿ ನಡ್ಕೊಂಡು ಬಂದ್ರು.

ಮಡಗಾಂವ್ ಕನ್ನಡತಿ:
ನನ್ ಕೇಳಿದ್ರೆ ಇಡೀ ಪಿಕ್ಚರೇ ಬೇಡ. ಎರಡೂವರೆ ಗಂಟೆ ಕತೆ ನೆನಪಿಟ್ಕೊಳ್ಳೋದು ಅವ್ರಿಗೆ ಹಿಂಸೆ. ಅವ್ರು ಹರೆಯದಲ್ಲಿ ನೋಡಿದ ಕಪ್ಪುಬಿಳುಪು ಪಿಕ್ಚರ್‌ಗಳ ಹಾಡು, ಒಂದೆರಡು ಸೀನ್ ಸಾಕು, ಆ ವಯಸ್ಸಿನ ನೆನಪೇ ಕೊನೇವರ್ಗೂ ಗಟ್ಟಿ. ಮತ್ತೆ ನೋಡ್ಕೊಳ್ಳೋರ ಬಗ್ಗೆನೂ ಯೋಚ್ನೆ ಮಾಡಿ, ಅವತ್ತೊಂದಿನ ಆದ್ರೂ ಯಾರ್ ಹತ್ರನೂ ಸಾರಿ ಕೇಳದೆ ಕೂತ್ಕೊಳ್ಳೋ ಹಾಗಿರ್ಬೇಕು.

ಮಾಟುಂಗಾ ರಾಯ್ರು:
ಮಲ್ಟಿಪ್ಲೆಕ್ಸ್‌ನೋರಿಗೆ ಕಾಯೋದ್ಯಾಕೆ? ಮಾಟುಂಗಾದ ಮೈಸೂರ್ ಅಸೋಸಿಯೇಷನ್ ಹಾಲ್‌ನ ಒಂದು ಬೆಳಿಗ್ಗೆಗೆ ಕೇಳಿ ನೋಡಿ, 1926ರಿಂದ ಇರೋ ಸಂಸ್ಥೆ, ನಾಟಕ ನೋಡೋಕೆ ಹೋಗಿ ಬಂದು ಹಳಬ್ರಿಗೆ ಗೊತ್ತಿರೋ ಜಾಗ. ಬಾತ್‌ರೂಮ್ ಬೋರ್ಡ್ ದೊಡ್ಡದಾಗಿ ಕನ್ನಡದಲ್ಲೇ ಹಾಕಿ, ಈ ಕಾಯಿಲೇಲಿ ಎಷ್ಟೋ ಜನ ಆಮೇಲೆ ಕಲ್ತ ಹಿಂದಿ ಮರಾಠಿ ಬಿಟ್ಟು ತಾಯ್ನುಡಿಗೇ ವಾಪಸ್ ಬರ್ತಾರೆ. ಪಿಕ್ಚರ್ ಹಕ್ಕು ಯಾರ ಹತ್ರ ಇದ್ಯೋ ಅವ್ರ ಪರ್ಮಿಷನ್ ಮೊದ್ಲೇ ತಗೊಳ್ಳಿ, ಯೂಟ್ಯೂಬ್ ಹಚ್ಚಿ ಸಾರ್ವಜನಿಕವಾಗಿ ತೋರ್ಸೋ ಹಾಗಿಲ್ಲ. ಎಆರ್‌ಡಿಎಸ್‌ಐ ಅಂತ ಡಿಮೆನ್ಶಿಯಾ ಇರೋರಿಗಾಗಿ 1992ರಲ್ಲಿ ಕೇರಳದಲ್ಲಿ ಶುರುವಾದ ಸಂಸ್ಥೆ, ಮುಂಬೈಲೂ ಶಾಖೆ ಇದೆ, ವಾಲಂಟಿಯರ್ಸ್‌ಗೆ ಏನ್ ಹೇಳ್ಕೊಡ್ಬೇಕು ಅಂತ ಅವ್ರನ್ನ ಕೇಳಿ.

ಡೊಂಬಿವಲಿ ಸೊಸೆ:
ಎಲ್ರಿಗೂ ಥ್ಯಾಂಕ್ಸ್. ಹಾಲ್ ನಾನೇ ವಿಚಾರಿಸ್ತೀನಿ. ಠಾಣೆ ಕಲ್ಯಾಣ್ ಕಡೆಯಿಂದ ಯಾರ್ ಬರ್ತೀರ ಹೇಳಿ, ಅತ್ತೆನ ಲೋಕಲ್ ಟ್ರೇನಲ್ಲಿ ಕರ್ಕೊಂಡು ಬರಕ್ಕಾಗಲ್ಲ, ಒಂದೇ ಗಾಡಿ ಮಾಡ್ಕೊಂಡು ಬರೋಣ.