‘ಆದಾಯರಹಿತ ನೀರು’: ಇದಕ್ಕೆ ಬೇರೆ ಮಾತು ಇದೆಯಾ?

ಗೆಳೆಯರೇ,

ರಾಯಚೂರಿನಲ್ಲಿ ಕೂತು ನೀರಿನ ಡಿಜಿಟಲ್ ಮೀಟರ್ ಬಗ್ಗೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ವಾಲ್ವ್ ತಿರುಗಿಸುವವರು, ಬಿಲ್ ಹಂಚುವವರು. ಅದರಲ್ಲಿ ಪುಟಪುಟಕ್ಕೂ ‘ನಾನ್ ರೆವಿನ್ಯೂ ವಾಟರ್’ ಬರುತ್ತದೆ. ಪೈಪಿಗೆ ಬಿಟ್ಟ ನೀರಿನಲ್ಲಿ ಬಿಲ್ ಆದದ್ದನ್ನು ಕಳೆದರೆ ಉಳಿಯುವುದೇ ಅದು. ಹಳೆಯ ಕರಡಿನಲ್ಲಿ ‘ಆದಾಯರಹಿತ ನೀರು’ ಅಂತಿತ್ತು. ಒಬ್ಬ ವಾಲ್ವ್‌ಮನ್‌ಗೆ ಓದಿ ಹೇಳಿದೆ. ‘ಬಡವ್ರ ಮನಿ ನೀರೇನ್ರಿ ಇದು?’ ಅಂದರು.

‘ಲೆಕ್ಕಕ್ಕೆ ಸಿಗದ ನೀರು’ ಕಿವಿಗೆ ಹಿತವಾಗಿದೆ, ಆದರೆ ಅರ್ಥ ಜಾರುತ್ತದೆ. ಬೆಂಕಿ ಆರಿಸಲು ಕೊಟ್ಟ ನೀರು, ಬೀದಿ ನಳದಲ್ಲಿ ಪುಕ್ಕಟೆ ಬಿಟ್ಟ ನೀರು ಲೆಕ್ಕಕ್ಕೆ ಸಿಗುತ್ತವೆ. ದುಡ್ಡು ಮಾತ್ರ ಬರುವುದಿಲ್ಲ. ಸದ್ಯಕ್ಕೆ ‘ಬಿಲ್ಲಿಗೆ ಬಾರದ ನೀರು’ ಅಂತ ಇಟ್ಟಿದ್ದೇನೆ.

ಇದರೊಳಗೇ ‘ಅಪರೆಂಟ್ ಲಾಸ್’ ಅಂತ ಇನ್ನೊಂದಿದೆ. ‘ತೋರಿಕೆಯ ನಷ್ಟ’ ಅಂದರೆ ಯಾರಿಗೆ ತಿಳಿಯುತ್ತದೆ? ನೀರು ಮನೆಗೆ ಮುಟ್ಟಿದೆ, ಯಾರೋ ಕುಡಿದಿದ್ದಾರೆ. ಕಳ್ಳ ಕನೆಕ್ಷನ್ ಇರಬಹುದು, ಇಲ್ಲವೇ ಮೀಟರ್ ಎಣಿಸಿಲ್ಲ. ಚಕ್ರ ತಿರುಗುವ ಹಳೆಯ ಮೀಟರ್ ಸವೆದರೆ ಸಣ್ಣ ಧಾರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಅದೇ ವಾಲ್ವ್‌ಮನ್ ಇದಕ್ಕೆ ‘ಮೀಟರ್ ನುಂಗಿದ್ದು’ ಅಂದರು. ನನಗಂತೂ ಬಹಳ ಹಿಡಿಸಿತು, ಆದರೆ ಕಳ್ಳತನ ಇದರಲ್ಲಿ ಬರುವುದಿಲ್ಲ ಅಲ್ವಾ? (ಉಲ್ಟಾನೂ ಉಂಟು. ಬಿಟ್ಟು ಬಿಟ್ಟು ನೀರು ಬರುವ ಊರಲ್ಲಿ ಮೊದಲು ಪೈಪಿನ ಗಾಳಿ ಹೊರಡುತ್ತದೆ, ಅದಕ್ಕೂ ಚಕ್ರ ತಿರುಗುತ್ತದೆ!)

‘ಮಿನಿಮಮ್ ನೈಟ್ ಫ್ಲೋ’ಗೆ ‘ಸರಿರಾತ್ರಿ ಹರಿವು’ ಸಾಕು ಅನ್ನಿಸಿದೆ. ರಾತ್ರಿ 2ರಿಂದ 4 ಗಂಟೆಗೆ ಹೆಚ್ಚುಕಡಿಮೆ ಯಾರೂ ನೀರು ಬಳಸುವುದಿಲ್ಲ. ಆಗಲೂ ಮೀಟರ್ ಜಾಸ್ತಿ ತೋರಿಸಿದರೆ ಎಲ್ಲೋ ಸೋರುತ್ತಿದೆ ಅಂತ. ಆದರೆ ದಿನವಿಡೀ ನೀರಿರುವ ಕಡೆ ಮಾತ್ರ ಈ ಲೆಕ್ಕ ಸರಿಯಾಗಿ ನಡೆಯುತ್ತದೆ.

ಇನ್ನೊಂದು. ಮೊಬೈಲಿಗೆ ಹೋಗುವ ಸಂದೇಶದ ಮಾದರಿ ಹೀಗಿದೆ: ‘ನಿಮ್ಮ ವಲಯದಲ್ಲಿ ನೀರು ಸರಬರಾಜು ಪ್ರಾರಂಭಗೊಂಡಿದೆ’. ಅಷ್ಟು ಓದಿ ಮುಗಿಸುವಷ್ಟರಲ್ಲಿ ಒಂದು ಕೊಡ ತುಂಬಿರುತ್ತದೆ. ನಮ್ಮ ಓಣಿಯಲ್ಲಿ ‘ನಳ ಬಂತು’ ಅಂದರೆ ಮುಗೀತು. ಹಾಗೇ ಬರೆಯಲೇ? ಮೈಸೂರು ಕಡೆಯವರಿಗೆ ನಲ್ಲಿಯೇ ನಡೆದು ಬಂದ ಹಾಗೆ ಕೇಳಿಸಬಹುದು, ಕೇಳಿಸಲಿ ಬಿಡಿ.

ಕೊಪ್ಪಳ, ಬಳ್ಳಾರಿ ಕಡೆಯವರು ‘ಮೀಟರ್ ನುಂಗಿದ್ದು’, ಕಳ್ಳ ಕನೆಕ್ಷನ್ ಎರಡಕ್ಕೂ ಸೇರಿ ಏನಂತೀರಿ?