ಅಪ್‌ಡೇಟ್: ದಾವಣಗೆರೆಯ ಹಳೇ ಲೇಸರ್ ಹಾಯಿದೋಣಿ, ಕೊಂಡಾಯ್ತು

ಶೆಡ್‌ನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಲೇಸರ್ ದೋಣಿ (ಒಬ್ಬರೇ ನಡೆಸುವ ಸಣ್ಣ ಫೈಬರ್ ಹಾಯಿದೋಣಿ) ಕೊಳ್ಳುವ ಮುಂಚೆ ಏನೇನು ನೋಡಬೇಕು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಕೆಲಸಕ್ಕೆ ಬಂದಿದ್ದು ಕೂವೆ, ಅಂದ್ರೆ ಹಾಯಿ ಕಟ್ಟುವ ಕಂಬ, ಅದರ ಗುಳಿಯೊಳಗೆ ನೀರು ತುಂಬಿಸಿ ನೋಡುವ ಸಲಹೆ. ಕೂವೆಯ ಬುಡ ಕೂರುವ ಆ ಗುಳಿಗೆ ಅಂಚಿನವರೆಗೂ ನೀರು ಹುಯ್ದು, ಟೇಪಿನಿಂದ ಗುರುತು ಹಾಕಿದ್ವಿ. ಅರ್ಧ ಗಂಟೆಯೊಳಗೆ ಮಟ್ಟ ಇಳೀತು, ಅಂದ್ರೆ ಬುಡದಲ್ಲಿ ಸೀಳಿದೆ. ಮಾರುವವರ ಎದುರಿಗೇ ಆಗಿದ್ದರಿಂದ ಬೆಲೆಯೂ ಇಳೀತು! ತೂಕದ ಸಲಹೆಯೂ ಸರಿ: ಹಲ್ (ಕೂವೆ, ಹಾಯಿ ಬಿಟ್ಟು ದೋಣಿಯ ಒಡಲು) ಮಾತ್ರ ಸುಮಾರು 59 ಕೆಜಿ ಇರಬೇಕು, ಬಹಳ ಹೆಚ್ಚಿದ್ದರೆ ಒಳಗಿನ ಫೋಮ್ ನೀರು ಕುಡಿದಿದೆ ಅಂತಲೇ. ತೇವಾಂಶ ಮೀಟರ್ ಮಾತ್ರ ದಂಡ, ಮೇಲ್ಮೈ ಪಸೆಗೇ ಓಡುತ್ತೆ. ನಾಣ್ಯದಿಂದ ತಟ್ಟಿದ್ದೇ ವಾಸಿ. ಡೆಕ್ (ದೋಣಿಯ ಮೇಲ್ಭಾಗ) ಮೇಲೆ ಮಂದ ಸದ್ದು ಬಂದ ಕಡೆ ಪದರ ಬಿಟ್ಟಿತ್ತು.

ರಿಪೇರಿಗೆ ಮುಂಚೆ ಒಳಗನ್ನು ಪೂರ್ತಿ ಒಣಗಿಸಬೇಕು. ಎಪಾಕ್ಸಿ ರೆಸಿನ್ (ಗಟ್ಟಿಯಾಗುವ ಅಂಟು ದ್ರವ) ಬಳಸೋದಾದ್ರೆ ನೇಯ್ದ ಗ್ಲಾಸ್ ಫೈಬರ್ ಬಟ್ಟೆಯೇ ತಗೊಳ್ಳಿ. ಫೈಬರ್ ಟ್ಯಾಂಕ್ ಮಾಡುವವರ ಹತ್ತಿರ ಸಿಗುವ ಸಾಮಾನ್ಯ ಮ್ಯಾಟಿನ (ನೇಯದೆ, ಗ್ಲಾಸ್ ಎಳೆಗಳನ್ನು ಅಂಟಿಸಿ ಮಾಡಿದ ಹಾಳೆ) ಅಂಟು ಪಾಲಿಯೆಸ್ಟರ್ ರೆಸಿನ್‌ನಲ್ಲಿ ಕರಗುತ್ತೆ, ಎಪಾಕ್ಸಿಯಲ್ಲಿ ಕರಗಲ್ಲ.

ಗೊತ್ತೇ ಇರದಿದ್ದ ಒಂದು ಸಂಗತಿ: ಕಾಕ್‌ಪಿಟ್‌ನ (ನಡೆಸುವವರು ಕಾಲಿಡುವ ತಗ್ಗು) ಮುಂದಿನ ಗೋಡೆಯಲ್ಲಿರುವ ಸಣ್ಣ ತೂತು ಡ್ಯಾಮೇಜ್ ಅಲ್ಲ. ನಮ್ಮ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿದಾಗ ಹೊರಹೋಗೋದು ಅದರಿಂದಲೇ. ಮುಚ್ಚಿದ್ರೆ ಜಾಯಿಂಟ್ ಬಿಟ್ಟುಕೊಳ್ಳುತ್ತೆ.

ಕೂವೆಯ ಮೇಲಿನ ತುಂಡು ಬಾಗಿದೆ, ಸಮ ನೆಲದ ಮೇಲೆ ಉರುಳಿಸಿದಾಗ ಗೊತ್ತಾಯ್ತು. ಸೂಳೆಕೆರೆಗೆ ಇಳಿಸೋಕೆ ಅನುಮತಿ ಇನ್ನೂ ಕೇಳಬೇಕು.