ರಾತ್ರಿಯಿಡೀ ಮುದ್ರಿಸಿದ ಆಟದ ಮೇಲೆ ಯಾರ ಹಕ್ಕು? ವಕೀಲರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಯಕ್ಷಗಾನದ ಆಟಗಳನ್ನೂ ಸಂಗೀತ ಕಛೇರಿಗಳನ್ನೂ ಕಲಾವಿದರ ಒಪ್ಪಿಗೆಯಿಲ್ಲದೆ ಮುದ್ರಿಸಿ ಹಂಚುವ ಬಗ್ಗೆ ಶಿರಸಿಯ ವಕೀಲರೊಬ್ಬರು ಇಂದು ಉತ್ತರಿಸಲಿದ್ದಾರೆ. ಸದಸ್ಯರು ವಿಷಯ ಬಿಟ್ಟು ಹೋಗಬಾರದಾಗಿ ವಿನಂತಿ.

ಕುಮಟೆಯ ಸದಸ್ಯರು: ಮೇಡಂ, ನಮ್ಮೂರಿನ ಹರಕೆ ಆಟಕ್ಕೆ ಟಿಕೆಟ್ ಇರುವುದಿಲ್ಲ. ಎಲ್ಲರೂ ಉಚಿತವಾಗಿ ನೋಡುವ ಆಟವನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡರೆ ತಪ್ಪೇ?

ವಕೀಲರು: ನೀವು ಕೇಳುವುದಕ್ಕಾಗಿ ಮುದ್ರಿಸಿಕೊಂಡರೆ ತಪ್ಪಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಮು ಮುದ್ರಿಸಿದವರ ಖಾಸಗಿ ಬಳಕೆಗೂ, ಪ್ರಾಮಾಣಿಕವಾದ ಬೋಧನೆ ಮತ್ತು ಸಂಶೋಧನೆಗೂ ಅವಕಾಶ ಕೊಟ್ಟಿದೆ. ಇಡೀ ಆಟವನ್ನು ಯೂಟ್ಯೂಬಿಗೆ ಹಾಕಿದರೆ ಅದು ಖಾಸಗಿ ಬಳಕೆಯಾಗಿ ಉಳಿಯುವುದಿಲ್ಲ. ಹರಕೆ ಹೊತ್ತ ಸೇವಾಕರ್ತರು ಮೇಳಕ್ಕೆ (ಯಕ್ಷಗಾನ ತಂಡಕ್ಕೆ) ವೀಳ್ಯ, ಅಂದರೆ ಸಂಭಾವನೆ, ಕೊಟ್ಟಿರುವುದು ಆ ರಾತ್ರಿ ಆಟ ಆಡಿಸುವುದಕ್ಕೆ. ಮುದ್ರಣದ ಹಕ್ಕನ್ನು ಅವರು ಕೊಂಡಿಲ್ಲವಾದ್ದರಿಂದ ಅದನ್ನು ನಿಮಗೆ ಕೊಡಲು ಅವರಿಗೂ ಬರುವುದಿಲ್ಲ.

ಅಂಕೋಲೆಯ ಸದಸ್ಯರು (ಚಾನೆಲ್ ನಡೆಸುವವರು): ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂದಿದೆ. ಮೂವತ್ತು ಸೆಕೆಂಡಿನೊಳಗಿನ ತುಣುಕಿಗೆ ಕೃತಿಸ್ವಾಮ್ಯವಿಲ್ಲ, ವಿಡಿಯೋದ ಕೆಳಗೆ 107ನೇ ಕಲಮಿನ (ನ್ಯಾಯಯುತ ಬಳಕೆಯ) ಸಾಲು ಹಾಕಿದರೆ ಯಾರೂ ಆಕ್ಷೇಪಿಸುವಂತಿಲ್ಲ, ಶ್ರುತಿಯನ್ನು ಸ್ವಲ್ಪ ಏರಿಸಿದರೆ ಯೂಟ್ಯೂಬಿಗೆ ಗೊತ್ತಾಗುವುದಿಲ್ಲ ಎಂದಿದೆ. ಇದು ಸರಿಯೇ?

ವಕೀಲರು: ಮೂರೂ ತಪ್ಪು. 107ನೇ ಕಲಮು ಅಮೆರಿಕದ 1976ರ ಕಾಯ್ದೆಯದು; ಅಂಕೋಲೆಯಲ್ಲಿ ನಡೆದ ಆಟಕ್ಕೆ ಅದು ರಕ್ಷಣೆಯಾಗುವುದಿಲ್ಲ. ಮೂವತ್ತು ಸೆಕೆಂಡಿನ ನಿಯಮ ನಮ್ಮ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಶ್ರುತಿ ಏರಿಸುವುದಂತೂ ಇನ್ನೊಂದು ತಪ್ಪನ್ನು ಮೈಮೇಲೆ ಎಳೆದುಕೊಂಡಂತೆ, ಏಕೆಂದರೆ 2012ರ ತಿದ್ದುಪಡಿಯಲ್ಲಿ ಸೇರಿದ 38ಬಿ ಕಲಮಿನಂತೆ, ತಮ್ಮ ಹೆಸರಿಗೆ ಕುಂದು ಬರುವ ಹಾಗೆ ಹಾಡಿಕೆಯನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕು ಆಟದ ಗಾಯಕರಾದ ಭಾಗವತರಿಗಿದೆ. ಇಂಥ ಸಂದೇಶಗಳನ್ನು ಇಲ್ಲಿ ಹಾಕಬೇಡಿ.

ಯಲ್ಲಾಪುರದ ಸದಸ್ಯರು: ದೇವಸ್ಥಾನದ ಆಡಳಿತ ಮಂಡಳಿಯವರು ನೇರ ಪ್ರಸಾರಕ್ಕಾಗಿ ಚಾನೆಲ್‌ನವರಿಂದ ಹಣ ಪಡೆದರೆ ಅದರಲ್ಲಿ ಮೇಳಕ್ಕೆ ಪಾಲು ಕೊಡಬೇಕೇ?

ಹೊನ್ನಾವರದ ಸದಸ್ಯರು: ತೀರಿಕೊಂಡ ನಮ್ಮ ತಂದೆಯವರು 1980ರ ದಶಕದಲ್ಲಿ ಬಡಗುತಿಟ್ಟು ಶೈಲಿಯ ಮೇಳಗಳ ಆಟಗಳನ್ನು ಮುದ್ರಿಸಿದ ಒಂದು ಟ್ರಂಕಿನಷ್ಟು ಕ್ಯಾಸೆಟ್‌ಗಳು ಮನೆಯಲ್ಲಿವೆ. ಭಾಗವತ ಕಾಳಿಂಗ ನಾವಡರ ಪದ್ಯಗಳೂ ಅದರಲ್ಲಿವೆ. ಕೆಲವು ಟೇಪುಗಳಿಗೆ ಬೂಷ್ಟು ಹಿಡಿದಿದೆ. ಒಬ್ಬರು ಎಲ್ಲವನ್ನೂ ಹಣ ಪಡೆಯದೆ ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆ, ಪ್ರತಿಯಾಗಿ ತಮ್ಮ ಚಾನೆಲ್ಲಿಗೆ ಹಾಕಿಕೊಳ್ಳುತ್ತೇನೆ ಎನ್ನುತ್ತಿದ್ದಾರೆ. ಕೊಡಬಹುದೇ?

ವಕೀಲರು: ಕ್ಯಾಸೆಟ್‌ಗಳನ್ನು ಈಗಲೇ ಕೊಡಬೇಡಿ. ಇಂದು ಬಂದ ಪ್ರಶ್ನೆಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದು. ನಾವಡರು 1990ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಹೋದರು. ಅಂಥವರ ರಂಗದ ಹಾಡಿಕೆ ಇಂದು ಕೇಳಲು ಸಿಗುವುದಕ್ಕೆ ಟೇಪ್ ರೆಕಾರ್ಡರ್ ಹೊತ್ತು ಬೆಳತನಕ ಕುಳಿತ ನಿಮ್ಮ ತಂದೆಯಂಥವರೂ ಕಾರಣ. ಒಂದು ಬದಿ ನಲವತ್ತೈದು ನಿಮಿಷಕ್ಕೆ ಮುಗಿದು, ಕ್ಯಾಸೆಟ್ ಮಗುಚಿ ಹಾಕುವಷ್ಟರಲ್ಲಿ ಪದ್ಯದ ಅರ್ಧ ಸಾಲು ತಪ್ಪಿಹೋಗಿರುವುದನ್ನು ನೀವೂ ಕೇಳಿರಬೇಕು. ಆ ಶ್ರಮಕ್ಕೆ ಬೆಲೆಯಿಲ್ಲವೆಂದು ನಾನು ಹೇಳಲಾರೆ.

ಆದರೆ ಕಾನೂನು ಇಲ್ಲಿ ಮೂರು ಕಡೆ ನೋಡುತ್ತದೆ. ಪ್ರದರ್ಶಕರ ಹಕ್ಕು ನಮ್ಮ ಕಾಯ್ದೆಗೆ ಬಂದದ್ದು 1994ರ ತಿದ್ದುಪಡಿಯಿಂದ, ಜಾರಿಯಾದದ್ದು 1995ರ ಮೇ 10ರಂದು. ಅದರ ಹಿಂದಿನ ಆಟಗಳ ವಿಷಯದಲ್ಲಿ ಕಲಾವಿದರ ಪರವಾಗಿ ವಾದಿಸುವುದು ಕಷ್ಟ, ಮುಂದಿನವಕ್ಕೆ ಈಗ ಐವತ್ತು ವರ್ಷಗಳ ರಕ್ಷಣೆಯಿದೆ. ಆದ್ದರಿಂದ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ತಂದೆಯವರು ಬರೆದ ಊರು, ದಿನಾಂಕ, ಪ್ರಸಂಗ (ಆಡಿದ ಕಥೆಯ ಪದ್ಯಕೃತಿ), ಹಿಮ್ಮೇಳದವರ (ಹಾಡುವವರ, ವಾದ್ಯ ನುಡಿಸುವವರ) ಹೆಸರುಗಳನ್ನು ಮೊದಲು ಫೋಟೋ ತೆಗೆದಿಡಿ. ಎರಡನೆಯದು ಪ್ರಸಂಗಕರ್ತರ ಹಕ್ಕು. ಹಳೆಯ ಕಾಲದ ಕವಿ ಪಾರ್ತಿಸುಬ್ಬನ ಪ್ರಸಂಗಗಳಿಗೆ ಆ ತೊಡಕಿಲ್ಲ, ಆದರೆ ಆ ದಶಕದಲ್ಲಿ ಟಿಕೆಟ್ ಇಟ್ಟು ಆಡುವ ಡೇರೆ ಮೇಳಗಳು ಆಡಿದ ಹೊಸ ಪ್ರಸಂಗಗಳಿಗೆ ಕರ್ತೃವಿನ ಜೀವಿತಾವಧಿ ಮತ್ತು ಆಮೇಲಿನ ಅರವತ್ತು ವರ್ಷ ಕೃತಿಸ್ವಾಮ್ಯವಿರುತ್ತದೆ. ಯಕ್ಷಗಾನಕ್ಕೆ ಇದೆಲ್ಲ ಅನ್ವಯಿಸದೆಂದು ತಿಳಿದವರು ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳ ಕುರಿತು ಸುಪ್ರೀಂ ಕೋರ್ಟು 2009ರಲ್ಲಿ ಕೊಟ್ಟ ತೀರ್ಪನ್ನು ಓದಬೇಕು. ಉಯಿಲಿನ ಮೂಲಕ ಹಕ್ಕು ಪಡೆದವರ ವಾದವನ್ನು ನ್ಯಾಯಾಲಯ ಅಲ್ಲಿ ಎತ್ತಿಹಿಡಿದಿದೆ. ಮೂರನೆಯದಾಗಿ, ಮುದ್ರಿಸಿದವರೆಂಬ ನೆಲೆಯಲ್ಲಿ ನಿಮ್ಮ ತಂದೆಯವರಿಗೂ ಒಂದು ಹಕ್ಕನ್ನು ಕೇಳಬಹುದು, ಆದರೆ ಪ್ರಸಂಗದ ಕೃತಿಸ್ವಾಮ್ಯವನ್ನು ಮುರಿದು ಮಾಡಿದ ಮುದ್ರಣಕ್ಕೆ ಕಾಯ್ದೆ ಹಕ್ಕು ಕೊಡುವುದಿಲ್ಲ.

ಟೇಪು ಹಾಳಾಗುವ ಮುನ್ನ ಕಂಪ್ಯೂಟರಿಗೆ ಇಳಿಸಿಡಿ, ಅದರ ಖರ್ಚನ್ನು ನೀವೇ ಕೊಡಿ. ಖರ್ಚು ಇನ್ನೊಬ್ಬರದಾದರೆ ಜಾಹೀರಾತಿನ ಹಣವೂ ನಿರ್ಧಾರವೂ ಅವರದಾಗುತ್ತವೆ. ಆಮೇಲೆ ಕಲಾವಿದರ ಮನೆಯವರನ್ನು ಕೇಳಿ. 1995ರ ಹಿಂದಿನದಾದರೂ ಕೇಳಿ. ಕಾನೂನು ಒತ್ತಾಯಿಸದಿದ್ದರೂ ಆ ಧ್ವನಿಯಿಂದ ಬರುವ ಹಣದಲ್ಲಿ ಅವರ ಮನೆಗೆ ಪಾಲು ಹೋಗುವುದು ನ್ಯಾಯವೆಂದು ನಾನು ನಂಬಿದ್ದೇನೆ.

ಮುಂಡಗೋಡಿನ ಸದಸ್ಯರು: ಉಚಿತ ಆಟವನ್ನು ಮುದ್ರಿಸಬಹುದೇ ಮೇಡಂ?

ವಕೀಲರು: ಮೊದಲ ಉತ್ತರ ಓದಿ.

ಅಂಕೋಲೆಯ ಸದಸ್ಯರು: ಮೇಡಂ ಒಂದೇ ಪಕ್ಷ ನೋಡುತ್ತಿದ್ದಾರೆ. ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ಸಂಗೀತ ತಂಡದವರು 1984ರಲ್ಲಿ ಕಛೇರಿ ಮುದ್ರಿಸುವವರಿಗೆಂದೇ ಪ್ರತ್ಯೇಕ ಜಾಗ ಮಾಡಿಕೊಟ್ಟರು, ಅದರಿಂದ ಅವರ ಅಭಿಮಾನಿಗಳು ಹೆಚ್ಚಿದರು. ನಮ್ಮ ವಿಡಿಯೋ ನೋಡಿಯೇ ಬೆಂಗಳೂರಿನವರು ಮೇಳಗಳನ್ನು ಕರೆಸುತ್ತಿದ್ದಾರೆ. ಕ್ಯಾಮೆರಾ, ಇಂಟರ್ನೆಟ್, ಪೆಟ್ರೋಲು ಎಲ್ಲವೂ ನಮ್ಮ ಕೈಯಿಂದಲೇ ಹೋಗುತ್ತವೆ.

ಸಿದ್ದಾಪುರದ ಸದಸ್ಯರು (ಮದ್ದಲೆಗಾರರು): ಆ ತಂಡದವರು ತಾವಾಗಿ ಒಪ್ಪಿಗೆ ಕೊಟ್ಟಿದ್ದರು, ಮಾರಬಾರದೆಂಬ ಕಟ್ಟನ್ನೂ ಹಾಕಿದ್ದರು. ನೀವು ನಮ್ಮನ್ನು ಯಾವಾಗ ಕೇಳಿದಿರಿ? ಡೇರೆ ಆಟದ ದಿನ ನೀವು ನೇರ ಪ್ರಸಾರ ಮಾಡಿದರೆ ಗೇಟಿಗೆ ಬರಬೇಕಾದವರು ಮನೆಯಲ್ಲಿ ಉಳಿಯುತ್ತಾರೆ. ಮಳೆಗಾಲದಲ್ಲಿ ತಿರುಗಾಟವಿಲ್ಲದಾಗ ನಮ್ಮ ಸಂಸಾರ ನಡೆಯುವುದು ಬಿಡಿ ಕಾರ್ಯಕ್ರಮಗಳಿಂದ, ನಿಮ್ಮ ವೀಕ್ಷಣೆಯ ಲೆಕ್ಕದಿಂದಲ್ಲ. ನಿಮ್ಮ ವಿಡಿಯೋಗಳಲ್ಲಿ ಚಂಡೆ, ಮದ್ದಲೆಯವರ ಹೆಸರೂ ಇರುವುದಿಲ್ಲ.

ಅಂಕೋಲೆಯ ಸದಸ್ಯರು: ಹೆಸರು ಹಾಕಲಿಲ್ಲವೆಂಬುದೇ ನಿಮ್ಮ ಸಂಕಟವಾದರೆ ನೇರವಾಗಿ ಹೇಳಬಹುದಿತ್ತು.

ಸಿದ್ದಾಪುರದ ಸದಸ್ಯರು: ನೇರವಾಗಿಯೇ ಹೇಳುತ್ತಿದ್ದೇನೆ. ಚೌಕಿಗೆ (ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೆ) ಬಂದು ನಮ್ಮ ಜೊತೆ ಚಹಾ ಕುಡಿದು ಹೋಗುತ್ತೀರಿ, ಕ್ಯಾಮೆರಾ ಹಚ್ಚುವ ಮಾತು ಮಾತ್ರ ಎತ್ತುವುದಿಲ್ಲ.

ನಿರ್ವಾಹಕರು: ಇಬ್ಬರೂ ದಯವಿಟ್ಟು ನಿಲ್ಲಿಸಿ.

ವಕೀಲರು: ಚಾನೆಲ್‌ನವರು ಖರ್ಚಿನ ಲೆಕ್ಕ ಹೇಳಿದ್ದಾರೆ, ಆದಾಯದ ಲೆಕ್ಕ ಹೇಳಿಲ್ಲ. ಹೆಸರು ಹಾಕಿಸಿಕೊಳ್ಳುವುದು 38ಬಿ ಕಲಮಿನ ಪ್ರಕಾರ ಮದ್ದಲೆಗಾರರ ಹಕ್ಕು, ಅದನ್ನು ಸಂಕಟವೆಂದು ಕರೆಯುವುದು ಸರಿಯಲ್ಲ. ಹಿಮ್ಮೇಳದವರಲ್ಲಿ ಒಬ್ಬರೇ ಆದರೂ ಆಕ್ಷೇಪಿಸಬಹುದು. ಯೂಟ್ಯೂಬಿಗೆ ಲಿಖಿತ ದೂರು ಕೊಟ್ಟರೆ ಅವರು ಇಪ್ಪತ್ತೊಂದು ದಿನ ಆ ವಿಡಿಯೋವನ್ನು ತಡೆಹಿಡಿಯಬೇಕಾಗುತ್ತದೆ, ಅಷ್ಟರೊಳಗೆ ನ್ಯಾಯಾಲಯದ ಆದೇಶ ತರಬೇಕು. ತಿಳಿದೂ ಮಾಡಿದ ಉಲ್ಲಂಘನೆಗೆ 63ನೇ ಕಲಮಿನಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆ, ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿ ದಂಡ ಇದೆ.

ಕಾರವಾರದ ಸದಸ್ಯರು: ಲಾಭಕ್ಕಾಗಿ ಅಲ್ಲ ಎಂದು ವಿಡಿಯೋದ ಕೆಳಗೆ ಬರೆದರೆ ಸಾಕೆಂದು ಒಂದು ಸಂದೇಶದಲ್ಲಿ ಓದಿದ್ದೆ.

ವಕೀಲರು: ಸಾಲದು. ಲಾಭವಿಲ್ಲವೆಂದು ಸಾಬೀತಾದರೆ ನ್ಯಾಯಾಲಯ ಶಿಕ್ಷೆಯನ್ನು ಕಡಿಮೆ ಮಾಡಬಹುದು, ಅಪರಾಧ ಇಲ್ಲವಾಗುವುದಿಲ್ಲ. ಸಂದೇಶಗಳ ಬಗ್ಗೆ ಇನ್ನು ಉತ್ತರಿಸುವುದಿಲ್ಲ.

ಭಟ್ಕಳದ ಸದಸ್ಯರು: ಕುಳಿತು ಹಾಡು, ಮಾತುಗಳಿಂದಲೇ ನಡೆಸುವ ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳ ಮಾತಿಗೂ ಈ ಹಕ್ಕು ಇದೆಯೇ?

ವಕೀಲರು: ಇದೆ. ಪ್ರದರ್ಶಕರೆಂದರೆ ಯಾರೆಂದು ಹೇಳುವಾಗ ಕಾಯ್ದೆ ನಟರು, ಗಾಯಕರು, ವಾದಕರ ಜೊತೆಗೆ ಉಪನ್ಯಾಸ ಮಾಡುವವರನ್ನೂ ಹೆಸರಿಸಿದೆ. ಮುದ್ರಿಸುವ ಮೊದಲು ಭಾಗವತರನ್ನು ಕೇಳಿದ ಹಾಗೆಯೇ ಪ್ರತಿಯೊಬ್ಬ ಅರ್ಥಧಾರಿಯನ್ನೂ ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.